ಆಚೆ ದಡದ ತಂಗುದಾಣ: ತುಂಗಭದ್ರೆಯ ಒಂದು ಗಡ್ಡಿಯ ಇತಿಹಾಸ

ಹರಿಯುವ ನದಿ ಬಂಡೆಗಳ ನಡುವೆ ಕವಲೊಡೆದು ಮುಂದೆ ಮತ್ತೆ ಒಂದಾಗುವಲ್ಲಿ, ಎರಡು ಕವಲುಗಳ ನಡುವೆ ಉಳಿಯುವ ನೆಲಕ್ಕೆ ಕನ್ನಡದಲ್ಲಿ ನಡುಗಡ್ಡೆ ಎಂಬ ಹೆಸರಿದ್ದು, ಬೀದರಿನಿಂದ ರಾಯಚೂರು, ಕೊಪ್ಪಳದವರೆಗಿನ ಆಡುಮಾತಿನಲ್ಲಿ ಅದು ಬರಿಯ ‘ಗಡ್ಡಿ’ಯಾಗುತ್ತದೆ. ಕಡಲ ನಡುವಿನ ದ್ವೀಪಗಳು ಕರ್ನಾಟಕಕ್ಕೆ ಇಲ್ಲದಿಲ್ಲವಾದರೂ ಅವುಗಳಲ್ಲಿ ಹೆಚ್ಚಿನವು ಪ್ರವಾಸಿಗಳು ದಿನಗಟ್ಟಲೆ ತಂಗುವ ನೆಲಗಳಾಗಲಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿಯು ಮೀನುಗಾರರು ಹರಕೆಯ ಆಡುಗಳನ್ನು ಬಿಟ್ಟುಬರುವ, ನೌಕಾಪಡೆಯು ಗುರಿಯಭ್ಯಾಸಕ್ಕೆ ಬಳಸುತ್ತ ಬಂದ ಕಡಿದಾದ ಗುಡ್ಡವಾಗಿ ಉಳಿಯಿತು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೆ ಹೋದವರು ಸಂಜೆಯೊಳಗೆ ದೋಣಿ ಹತ್ತಿ ಮರಳಬೇಕು. ಕಾರವಾರದ ಬಳಿಯಿದ್ದರೂ ಗೋವೆಗೆ ಸೇರಿದ ಅಂಜುದೀವು ನೌಕಾನೆಲೆಯ ಪಾಲಾಯಿತು. ಬೆನ್ನಿಗೊಂದು ಚೀಲ ಹೊತ್ತು ಬಂದ ಗಂಡುಹೆಣ್ಣು ಜೋಡಿಯೊಂದು ನೀರಿನಿಂದ ಸುತ್ತುವರಿದ ನೆಲದಲ್ಲಿ ಅಗ್ಗದ ಕೋಣೆ ಹಿಡಿದು, ಮರಳ ದಂಡೆ, ಬಂಡೆ, ಕಾಡುಪ್ರಾಣಿಗಳ ನಡುವೆ ವಾರಗಟ್ಟಲೆ ಕಳೆಯುವ ರೂಢಿಯು ಆಳವಾಗಿ ಬೇರುಬಿಟ್ಟದ್ದು ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ, ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿರುವ ವಿರುಪಾಪುರಗಡ್ಡಿಯಲ್ಲಿ.

ಗಂಗಾವತಿ ತಾಲ್ಲೂಕಿನ ಈ ಗಡ್ಡಿಯು ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಘಾಟಬೋರಾಳದ ಓದುಗರಿಗೆ ಮೊದಲ ನೋಟಕ್ಕೆ ದೂರದ ಊರಾಗಿ ಕಂಡರೂ, ಒಂದೂವರೆ ಶತಮಾನ ಈ ಎರಡೂ ಊರುಗಳು ಹೈದರಾಬಾದಿನ ನಿಜಾಮರ ಒಂದೇ ಆಳ್ವಿಕೆಯಲ್ಲಿದ್ದವು ಎಂಬುದನ್ನು ನೆನೆದರೆ, ಗಡ್ಡಿಯ ಕಥೆಯು ಕಲ್ಯಾಣ ಕರ್ನಾಟಕದ ಮನೆಯ ಕಥೆಯೇ ಆಗುತ್ತದೆ. ಅದನ್ನು ಹಂಪಿಯ ಕಥೆಗೆ ಬಾಲಂಗೋಚಿಯಾಗಿ ಸೇರಿಸುವ ರೂಢಿಯು ಬಹುಕಾಲದಿಂದ ಬಂದಿದೆ. ಆದರೆ ಗಡ್ಡಿಯನ್ನು ಗಡ್ಡಿಯನ್ನಾಗಿ ಮಾಡಿದ್ದು ನಡುವೆ ಹರಿಯುವ ನೀರು ಮತ್ತು ಆ ನೀರಿನುದ್ದಕ್ಕೂ ಕಾಲಕಾಲಕ್ಕೆ ಎಳೆಯಲಾದ ಗಡಿರೇಖೆಗಳು. ಅದರ ಏಳಿಗೆಗೂ ಅದರ ದುಃಖಕ್ಕೂ ಮೂಲ ಆ ರೇಖೆಗಳಲ್ಲಿಯೇ ಇದೆ.

ತುಂಗಭದ್ರೆಯು ಇಲ್ಲಿ ಹರಿಯುವುದು ಕಣಶಿಲೆಯ ದೈತ್ಯ ಗುಂಡುಗಳ ನಡುವೆ. ಒಂದರ ಮೇಲೊಂದು ಹೇರಿದಂತಿರುವ ಈ ಬಂಡೆಗಳ ಸಂದಿಯಲ್ಲಿ ನದಿಯು ಹಲವು ಕವಲಾಗಿ ನುಗ್ಗಿ, ಬೇಸಿಗೆಯಲ್ಲಿ ಮರಳಿನ ದಂಡೆಗಳನ್ನೂ ಮಡುವುಗಳನ್ನೂ ಉಳಿಸಿ, ಮಳೆಗಾಲದಲ್ಲಿ ಅವೆಲ್ಲವನ್ನೂ ನುಂಗಿ ಹರಿಯುತ್ತದೆ. ಉತ್ತರ ದಡದ ಆನೆಗುಂದಿಯ ಸುತ್ತಣ ಗುಡ್ಡಗಳನ್ನು ಜನರು ರಾಮಾಯಣದ ಕಿಷ್ಕಿಂಧೆಯೆಂದು ನಂಬುತ್ತಾರೆ. ಆಂಜನೇಯನು ಹುಟ್ಟಿದನೆನ್ನುವ ಅಂಜನಾದ್ರಿಯೂ ಶಬರಿಯ ಹೆಸರಿನೊಡನೆ ಸೇರಿದ ಪಂಪಾಸರೋವರವೂ ಗಡ್ಡಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. 1336ರಲ್ಲಿ ದಕ್ಷಿಣ ದಡದಲ್ಲಿ ವಿಜಯನಗರವು ತಲೆಯೆತ್ತುವ ಮೊದಲೇ ಉತ್ತರ ದಡದ ಆನೆಗುಂದಿಯು ಕೋಟೆಯ ಊರಾಗಿತ್ತು. ರಾಜಧಾನಿಯು ನದಿ ದಾಟಿದ ಬಳಿಕವೂ ಎರಡು ದಡಗಳು ಒಂದೇ ನಗರದ ಎರಡು ಕೈಗಳಂತೆ ಬದುಕಿದವೆಂಬುದಕ್ಕೆ ಗಡ್ಡಿಯ ಬಳಿ ಇಂದಿಗೂ ಸಾಲುಗಟ್ಟಿ ನಿಂತಿರುವ ಮೇಲ್ಗಾಲುವೆಯ ಕಲ್ಲುಕಂಬಗಳೇ ಸಾಕ್ಷಿ. ಮೇಲ್ಗಾಲುವೆ ಎಂದರೆ ತಗ್ಗಿನ ನೆಲವನ್ನು ದಾಟಿಸಿ ನೀರನ್ನು ಕಂಬಗಳ ಮೇಲಿನ ಕಲ್ಲುದೋಣಿಯಲ್ಲಿ ಒಯ್ಯುವ ಏರ್ಪಾಡು.

ಈ ಎರಡು ದಡಗಳನ್ನು ಬೆಸೆದ ಸಾಧನವೆಂದರೆ ಹರಿಗೋಲು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನು ಜನರು ಹಳೆಯ ರಾಜಧಾನಿಯಾದ ಆನೆಗುಂದಿಗೆ ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ದಾಟುತ್ತಿದ್ದರೆಂದೂ, ಒಳಗೆ ಬೆತ್ತ, ಹೊರಗೆ ತೊಗಲು ಹೊದಿಸಿದ ಅವು ಹದಿನೈದಿಪ್ಪತ್ತು ಜನರನ್ನು ಹೊರಬಲ್ಲವೆಂದೂ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಅವುಗಳಲ್ಲಿ ದಾಟಿಸುತ್ತಾರೆಂದೂ, ನೇರವಾಗಿ ಸಾಗಲಾರದ ಅವು ಸದಾ ಸುತ್ತುತ್ತಲೇ ಮುಂದೆ ಹೋಗುತ್ತವೆಂದೂ ಬರೆದಿದ್ದಾನೆ. ಐದು ಶತಮಾನಗಳ ನಂತರವೂ ಈ ವರ್ಣನೆಯಲ್ಲಿ ತಿದ್ದಬೇಕಾದದ್ದು ಅಲ್ಪ: ಬಿದಿರಿನ ದಬ್ಬೆಗಳನ್ನು ಹೆಣೆದ ಅದೇ ದುಂಡುಬುಟ್ಟಿಗೆ ತೊಗಲಿನ ಬದಲು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಸಂದಿಗಳಿಗೆ ಡಾಂಬರು ಬಳಿದಿರುತ್ತಾರೆ, ಅಂಬಿಗನು ಕುಕ್ಕರುಗಾಲಿನಲ್ಲಿ ಕುಳಿತು ಒಂದೇ ಹುಟ್ಟನ್ನು ಎಡಕ್ಕೂ ಬಲಕ್ಕೂ ಎಳೆಯುವಾಗ ಹರಿಗೋಲು ಅರೆಸುತ್ತು ತಿರುಗಿ ಮತ್ತೆ ಸರಿಯಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಕಲ್ಯಾಣದ ಶರಣರ ಕೂಟಕ್ಕೆ ಸೇರಿದ ಅಂಬಿಗರ ಚೌಡಯ್ಯನ ಹೆಸರೂ ಇದೇ ತುಂಗಭದ್ರೆಯ ಮೇಲ್ದಂಡೆಯ ಚೌಡದಾನಪುರದೊಡನೆ ಕೂಡಿಕೊಂಡಿರುವುದರಿಂದ, ಹುಟ್ಟು ಹಾಕುವ ಈ ಕಾಯಕಕ್ಕೂ ಕಲ್ಯಾಣಕ್ಕೂ ಇರುವ ನಂಟು ಬಹಳ ಹಳೆಯದೆನ್ನಬಹುದು.

ನದಿಯ ನಡುವಿನ ನೆಲವನ್ನು ಹೊರಗಿನವರು ಅರಸಿ ಬರುವುದಕ್ಕೂ ಇಲ್ಲಿ ಹಳೆಯ ಮೇಲ್ಪಂಕ್ತಿಯಿದೆ. ಆನೆಗುಂದಿಯ ಬಳಿಯ ಮತ್ತೊಂದು ನಡುಗಡ್ಡೆಯಾದ ನವಬೃಂದಾವನದಲ್ಲಿ ಮಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳಿವೆ. ಬೃಂದಾವನವೆಂದರೆ ಯತಿಯ ಸಮಾಧಿಯ ಮೇಲೆ ಕಟ್ಟಿದ ಕಲ್ಲಿನ ಪೀಠ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರದು ಅವುಗಳಲ್ಲಿ ಮೊದಲಿನದು, ಕೃಷ್ಣದೇವರಾಯನ ಕಾಲದ ವ್ಯಾಸತೀರ್ಥರು 1539ರಲ್ಲಿ ಅಲ್ಲಿಯೇ ಸಮಾಧಿಯಾದರು. ಊರಿನ ಗದ್ದಲವನ್ನು ನೀರಿನಾಚೆ ಬಿಟ್ಟು ಏಕಾಂತವನ್ನು ಹುಡುಕುವ ಮನಸ್ಸು ಇಪ್ಪತ್ತನೆಯ ಶತಮಾನದ ಬೆನ್ನುಚೀಲದವರಿಂದ ಶುರುವಾದದ್ದಲ್ಲವೆಂಬುದಕ್ಕೆ ಈ ಗಡ್ಡೆಯು ದೃಷ್ಟಾಂತವಾಗಿ ನಿಲ್ಲುತ್ತದೆ. 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸತೀರ್ಥರ ಬೃಂದಾವನವನ್ನು ಒಡೆದುಹಾಕಿದಾಗ ನಾಡಿನ ಮೂಲೆಮೂಲೆಯಿಂದ ಬಂದ ಭಕ್ತರು ಕೆಲವೇ ದಿನಗಳಲ್ಲಿ ಅದನ್ನು ಮರಳಿ ಕಟ್ಟಿ ನಿಲ್ಲಿಸಿದರು.

ಹೀಗೆ ಬಂದವರಿಗೆ ಇಳಿದುಕೊಳ್ಳಲು ಜಾಗ ಕೊಡುವುದು ಹಳಗಾಲದಲ್ಲಿ ವ್ಯಾಪಾರವಾಗಿರಲಿಲ್ಲ. ಗುಡಿಯ ಮಂಟಪ, ಮಠದ ಪಡಸಾಲೆ, ಛತ್ರ, ಮುಸಲ್ಮಾನ ಅರಸರ ಕಾಲದ ಮುಸಾಫಿರಖಾನೆ, ಶರಣರ ದಾಸೋಹದ ಮನೆ ಇವೆಲ್ಲವೂ ಬಾಡಿಗೆ ಕೇಳದ ತಂಗುದಾಣಗಳಾಗಿದ್ದವು. ದೂರದಿಂದ ಬಂದ ದಂಪತಿಗಳ ನೆನಪು ಬೀದರ ಸೀಮೆಯಲ್ಲಂತೂ ಬಲು ಗಟ್ಟಿ: ಕಾಶ್ಮೀರದ ಅರಸನೊಬ್ಬನು ರಾಣಿಯೊಡನೆ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ನಡೆದುಬಂದು, ಕಟ್ಟಿಗೆಯ ಹೊರೆಯನ್ನು ಬೆನ್ನಮೇಲೆ ಹೊತ್ತು ಮಾರಿ ಬಾಳಿ, ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿ ಎನಿಸಿದರೆಂಬುದು ಶರಣ ಪರಂಪರೆಯ ಕಥನ, ಮೋಳಿಗೆ ಎಂದರೆ ಸೌದೆಯ ಹೊರೆ, ಮತ್ತು ಅವರದೆಂದು ತೋರಿಸುವ ಗವಿಯು ಹುಮನಾಬಾದ ತಾಲ್ಲೂಕಿನ ಮೊಳಕೇರಿಯಲ್ಲಿದೆ. ವಿಜಯನಗರಕ್ಕೆ 1420ರ ಸುಮಾರಿಗೆ ಬಂದ ವೆನಿಸ್ ಸೀಮೆಯ ವರ್ತಕ ನಿಕೊಲೊ ಕೊಂಟಿಯೂ ಮುಂದಿನ ಅಲೆದಾಟಗಳಲ್ಲಿ ಸಂಸಾರವನ್ನು ಜೊತೆಗೆ ಕರೆದೊಯ್ದವನು. ಜಾವಾ ದ್ವೀಪದಲ್ಲಿ ಹೆಂಡತಿಯೊಡನೆ ಒಂಬತ್ತು ತಿಂಗಳು ತಂಗಿದ ಅವನು ತಾಯ್ನಾಡಿಗೆ ಮರಳುವ ದಾರಿಯಲ್ಲಿ, ಈಜಿಪ್ಟಿನ ಪ್ಲೇಗಿನಲ್ಲಿ, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡನು. ಜೋಡಿಯಾಗಿ ದೇಶ ಸುತ್ತುವುದು ಆ ಕಾಲದಲ್ಲಿ ಪ್ರಾಣವನ್ನು ಪಣಕ್ಕಿಡುವ ಕೆಲಸವಾಗಿತ್ತು ಎಂಬುದನ್ನು ಇಂದಿನ ಪ್ರವಾಸದ ಬಗೆಗೆ ಬರೆಯುವವರು ಮರೆಯಬಾರದು.

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ವಿಜಯನಗರವು ಸೋತಿತು; ಗೆದ್ದ ಸುಲ್ತಾನರ ಕೂಟದಲ್ಲಿ ಬೀದರಿನ ಅಲಿ ಬರೀದನೂ ಇದ್ದನು. ರಾಜಧಾನಿಯು ಪಾಳುಬಿದ್ದ ನಂತರದ ಎರಡು ಶತಮಾನಗಳ ಏರಿಳಿತವನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಗಡ್ಡಿಯ ಪಾಲಿಗೆ ನಿಜವಾಗಿ ಮುಖ್ಯವಾದ ವರ್ಷ 1800. ಆ ವರ್ಷ ಹೈದರಾಬಾದಿನ ನಿಜಾಮನು ಬಳ್ಳಾರಿಯೇ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಕೊಡಲ್ಪಟ್ಟ ಸೀಮೆಗೆ ದತ್ತಮಂಡಲವೆಂಬ ಹೆಸರು ಬಂದಿತು. ತುಂಗಭದ್ರೆಯು ಅಂದಿನಿಂದ ಎರಡು ಸರಕಾರಗಳ ನಡುವಿನ ಗಡಿಯಾಗಿ, ಹಂಪಿಯು ಮದರಾಸು ಪ್ರಾಂತಕ್ಕೂ, ಆನೆಗುಂದಿ ಮತ್ತು ವಿರುಪಾಪುರಗಡ್ಡಿಗಳು ನಿಜಾಮನ ಸಂಸ್ಥಾನಕ್ಕೂ ಸೇರಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಡ್ಡಿಯ ಒಕ್ಕಲಿಗನೂ ಘಾಟಬೋರಾಳದ ಒಕ್ಕಲಿಗನೂ ನಿಜಾಮನ ‘ಹಾಲಿ ಸಿಕ್ಕಾ’ ರೂಪಾಯಿಯ ನಾಡಿನವರು, ಎದುರು ದಡದ ಹಂಪಿಯ ಅಂಗಡಿಕಾರನು ಇಂಗ್ಲಿಷರ ರೂಪಾಯಿಯವನು. ಸರಕು ಗಡಿ ದಾಟಿದರೆ ‘ಕರೋಡಗಿರಿ’ ಎಂಬ ನಿಜಾಮನ ಸುಂಕದ ಇಲಾಖೆಯ ಕಣ್ಣು ಅದರ ಮೇಲೆ ಬೀಳುತ್ತಿತ್ತು. ಎರಡು ದಡಗಳ ನಡುವೆ ಕೂಗಿದರೆ ಕೇಳುವಷ್ಟೇ ದೂರವಿದ್ದರೂ ಅವೀಗ ಎರಡು ದೇಶಗಳಾಗಿದ್ದವು.

ಈ ಗಡಿಯು ವಿದ್ವತ್ತಿನ ಮೇಲೂ ನೆರಳು ಚೆಲ್ಲಿತು. 1856ರಲ್ಲಿ ಹಂಪಿಯ ಅವಶೇಷಗಳ ಛಾಯಾಚಿತ್ರ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ, 1900ರಲ್ಲಿ ವಿಜಯನಗರದ ಇತಿಹಾಸವನ್ನು ಪ್ರಕಟಿಸಿದ ರಾಬರ್ಟ್ ಸೀವೆಲ್, 1917ರಲ್ಲಿ ಹಂಪಿಯ ಕೈಪಿಡಿಯನ್ನು ಹೊರತಂದ ಲಾಂಗ್‌ಹರ್ಸ್ಟ್ ಇವರೆಲ್ಲರ ಗಮನವೂ ಬಹುಪಾಲು ದಕ್ಷಿಣ ದಡದ ಮೇಲಿತ್ತು. 1914ರಲ್ಲಿ ಹೈದರಾಬಾದು ಸಂಸ್ಥಾನವು ತನ್ನದೇ ಪುರಾತತ್ವ ಇಲಾಖೆಯನ್ನು ತೆರೆದಾಗ ಅದರ ಮುಖ್ಯಸ್ಥ ಗುಲಾಂ ಯಜ್ದಾನಿಯವರ ದೊಡ್ಡ ದುಡಿಮೆಯು ಅಜಂತಾ ಮತ್ತು ಬೀದರುಗಳಿಗೆ ಮೀಸಲಾಯಿತು. ಬೀದರಿನ ಸ್ಮಾರಕಗಳ ಕುರಿತ ಅವರ ಹೊತ್ತಗೆಯು 1947ರಲ್ಲಿ ಹೊರಬಂದಿತು. ಇತ್ತ ಗಡ್ಡಿಯು ಭತ್ತ, ಬಾಳೆ ಬೆಳೆಯುತ್ತ ಯಾರ ಪುಸ್ತಕದಲ್ಲಿಯೂ ದೊಡ್ಡ ಅಕ್ಷರದಲ್ಲಿ ಬರದೆ ಉಳಿಯಿತು. ಮರೆಯಲ್ಲಿ ಉಳಿದ ನೆಲವೆಂಬ ಆ ಗುಣವೇ ಮುಂದೆ ಅದರ ಆಕರ್ಷಣೆಯಾಯಿತು.

ಎರಡು ದಡಗಳು ಎಷ್ಟರಮಟ್ಟಿಗೆ ಬೇರೆಯಾಗಿದ್ದವೆಂಬುದನ್ನು ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ ಕಥೆಯಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳದು. ಒಂದೇ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಎರಡು ಅಡಿಗಲ್ಲುಗಳನ್ನು ಇಡಲಾಯಿತು: ಎಡದಂಡೆಯಲ್ಲಿ ನಿಜಾಮನ ಮಗನಾದ ಬೇರಾರಿನ ರಾಜಕುಮಾರನು, ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಆರ್ಥರ್ ಹೋಪ್‌ನು. ಕಟ್ಟೆಯ ಕೆಲಸ ಮುಗಿದು 1953ರಲ್ಲಿ ನೀರು ನಿಲ್ಲುವ ಹೊತ್ತಿಗೆ ಅಡಿಗಲ್ಲಿಟ್ಟ ಎರಡು ಸರಕಾರಗಳೂ ಹಿಂದಿನಂತೆ ಉಳಿದಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತ್ತು, 1953ರ ಅಕ್ಟೋಬರಿನಲ್ಲಿ ಬಳ್ಳಾರಿಯು ಮೈಸೂರಿಗೆ ಬಂದಿತು, 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರುಗಳೂ ಅದೇ ರಾಜ್ಯಕ್ಕೆ ಕೂಡಿ, ನೂರೈವತ್ತಾರು ವರ್ಷಗಳ ನಂತರ ಹಂಪಿ ಮತ್ತು ಗಡ್ಡಿಗಳು ಒಂದು ಸರಕಾರದಡಿ ಬಂದವು. ಹಾಗೆಂದು ರೇಖೆಯು ಅಳಿಸಿಹೋಗಲಿಲ್ಲ. ಹಂಪಿಯು ಬಳ್ಳಾರಿ ಜಿಲ್ಲೆಯಲ್ಲಿಯೂ, ಗಡ್ಡಿಯು ಮೊದಲು ರಾಯಚೂರು, 1997ರಿಂದ ಕೊಪ್ಪಳ ಜಿಲ್ಲೆಯಲ್ಲಿಯೂ ಉಳಿದು, 2021ರಲ್ಲಿ ಹಂಪಿಯು ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಮೇಲೂ ನದಿಯು ಜಿಲ್ಲೆಗಳ ಗಡಿಯಾಗಿಯೇ ಹರಿಯುತ್ತಿದೆ.

ಪಶ್ಚಿಮದ ಯುವಜನರು 1960 ಮತ್ತು 70ರ ದಶಕಗಳಲ್ಲಿ ನೆಲಮಾರ್ಗವಾಗಿ ತುರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದು ಗೋವೆಯ ಕಡಲತಡಿಯಲ್ಲಿ ಬೀಡುಬಿಡುತ್ತಿದ್ದರು. ಗೋವೆಯಿಂದ ಹೊಸಪೇಟೆಗೆ ರೈಲು ಇದ್ದುದರಿಂದ ಅವರ ದಾರಿಯಲ್ಲಿ ಹಂಪಿಯು ಸಹಜವಾಗಿ ಸೇರಿಕೊಂಡಿತು. ಗಂಟುಮೂಟೆಯನ್ನೆಲ್ಲ ಒಂದೇ ಚೀಲದಲ್ಲಿ ಬೆನ್ನಿಗೇರಿಸಿ, ಮುಂಗಡವಾಗಿ ಏನನ್ನೂ ಗೊತ್ತುಮಾಡದೆ, ಅಗ್ಗವಾಗಿ ಬಹುದಿನ ಸುತ್ತುವ ಇಂಥವರನ್ನು ಬ್ಯಾಕ್‌ಪ್ಯಾಕರ್ ಎಂದು ಕರೆಯುವುದು ಈಗ ಕನ್ನಡಕ್ಕೂ ರೂಢಿಯಾಗಿದೆ. 1986ರಲ್ಲಿ ಹಂಪಿಯು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಂತರ ಬರುವವರ ಸಂಖ್ಯೆ ಹೆಚ್ಚಿತಾದರೂ, ಅವರು ನದಿ ದಾಟಿ ಗಡ್ಡಿಯಲ್ಲಿ ಉಳಿಯಲು ಬೇರೆ ಕಾರಣಗಳಿದ್ದವು. ಹಂಪಿಯು ಕ್ಷೇತ್ರವಾದುದರಿಂದ ಅಲ್ಲಿ ಮಾಂಸಕ್ಕೂ ಮದ್ಯಕ್ಕೂ ಎಡೆಯಿರಲಿಲ್ಲ. ಆಚೆ ದಡದಲ್ಲಿ ಆ ಕಟ್ಟು ಸಡಿಲವಾಗಿತ್ತು. ಇನ್ನೊಂದು ಕಾರಣವು ದೋಣಿಯದು. ಸಂಜೆಯ ಕಡೆಯ ದೋಣಿ ಹೋದಮೇಲೆ ಹಂಪಿಗೆ ಮರಳಬೇಕೆಂದರೆ ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕಾಗಿದ್ದುದರಿಂದ, ಹೊತ್ತು ಮುಳುಗುವುದನ್ನು ಗುಡ್ಡದ ಮೇಲಿಂದ ನೋಡಲು ಹೋದವನು ಅಲ್ಲಿಯೇ ರಾತ್ರಿ ಕಳೆಯಲೇಬೇಕಾಗುತ್ತಿತ್ತು. ಪಾಯೆಸ್‌ನ ಕಾಲದ ಹರಿಗೋಲಿನ ಜಾಗಕ್ಕೆ ಮೋಟಾರು ದೋಣಿ ಬಂದರೂ ಕೋಣೆಗಳ ವ್ಯಾಪಾರವನ್ನು ಹುಟ್ಟಿಸಿದ್ದು ಅದೇ ನೀರು.

ಕೋಣೆಗಳು ಭತ್ತದ ಗದ್ದೆಯ ಅಂಚಿನಲ್ಲಿ ಎದ್ದವು. ಮಣ್ಣಿನ ಇಲ್ಲವೇ ಇಟ್ಟಿಗೆಯ ಗೋಡೆ, ಗರಿ ಅಥವಾ ಹುಲ್ಲಿನ ಮಾಡು, ಮುಂದೊಂದು ಕಟ್ಟೆ, ಕಟ್ಟೆಯ ಕಂಬಗಳಿಗೆ ಕಟ್ಟಿದ ತೂಗುಬಲೆ. ಊಟದ ಚಪ್ಪರದಲ್ಲಿ ನೆಲಕ್ಕೇ ಹಾಸಿದ ಚಾಪೆ, ದಿಂಬು, ಗಿಡ್ಡ ಮೇಜುಗಳು, ಎದುರಿಗೆ ಗದ್ದೆಯ ಹಸಿರು, ಅದರಾಚೆ ನದಿ, ನದಿಯಾಚೆ ವಿರೂಪಾಕ್ಷನ ಗೋಪುರ. ಕಡ್ಡಾಯ ಸೈನ್ಯಸೇವೆ ಮುಗಿಸಿ ದೇಶ ಸುತ್ತಲು ಹೊರಡುವ ಇಸ್ರೇಲಿ ಯುವಕ ಯುವತಿಯರು ದೊಡ್ಡ ಸಂಖ್ಯೆಯಲ್ಲಿ ಬಂದುದರಿಂದ ಫಲಕಗಳಲ್ಲಿ ಹೀಬ್ರೂ ಅಕ್ಷರಗಳು ಮೂಡಿದವು; ಗಂಗಾವತಿಯ ಅಕ್ಕಿ, ರೊಟ್ಟಿಗಳ ಸೀಮೆಯ ಅಡುಗೆಭಟ್ಟರು ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಬೇಯಿಸುವ ಶಕ್ಷುಕಾವನ್ನೂ ಕಡಲೆಯನ್ನು ರುಬ್ಬಿ ಮಾಡುವ ಹಮ್ಮಸ್‌ ಅನ್ನೂ ಕಲಿತರು. ಹಗ್ಗವಿಲ್ಲದೆ ಬರಿಗೈಯಲ್ಲಿ ಗುಂಡುಗಳನ್ನೇರುವ ಬೋಲ್ಡರಿಂಗ್ ಎಂಬ ಆಟದವರಿಗೆ ಈ ಬಂಡೆಗಳು 2003ರಲ್ಲಿ ತೆರೆಕಂಡ, ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಅವರ ‘ಪಿಲ್ಗ್ರಿಮೇಜ್’ ಚಿತ್ರದಿಂದ ಪರಿಚಿತವಾದವು. ಆಮೇಲೆ ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸುವ ದಪ್ಪ ಮೆತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡ ಜೋಡಿಗಳು ನಸುಕಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವುದು ಊರಿನ ನಿತ್ಯದ ನೋಟವಾಯಿತು. ಅಕ್ಟೋಬರಿನಿಂದ ಮಾರ್ಚಿನವರೆಗಿನ ಆರು ತಿಂಗಳು ಇದರ ಸುಗ್ಗಿಯಾಗಿತ್ತು. ಗದ್ದೆಯನ್ನೇ ನಂಬಿದ್ದ ಮನೆಗಳಿಗೆ ಕೋಣೆಯ ಬಾಡಿಗೆ, ದೋಣಿ, ಬಾಡಿಗೆ ಮೊಪೆಡ್, ಅಗಸನ ಕೆಲಸಗಳಿಂದ ರೊಕ್ಕ ಬಂದಿತು.

ಬಂದವರು ಪ್ರಾಣಿಗಳನ್ನೂ ಅರಸಿ ಬರುತ್ತಿದ್ದರು. ಹಂಪಿಯಿಂದ ತುಸುದೂರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಅಂಜನಾದ್ರಿಯ ಕೋತಿ, ಮುಸುವಗಳಿಗೆ ಪುರಾಣದ ಗೌರವವಿದೆ. ನದಿಯ ಮಡುಗಳಲ್ಲಿ ಮೊಸಳೆಗಳಿವೆ. ಆದರೆ ಈ ನೀರಿನ ನಿಜವಾದ ಒಡೆಯ ನೀರುನಾಯಿ. ನಯವಾದ ಕಂದು ತುಪ್ಪಳದ, ಚಪ್ಪಟೆ ಬಾಲದ ಈ ಪ್ರಾಣಿಯು ಕುಟುಂಬಸಮೇತ ಬೇಟೆಯಾಡಿ, ಬಂಡೆಗಳ ಸಂದಿಯಲ್ಲಿಯೂ ಜೊಂಡಿನಲ್ಲಿಯೂ ಬಿಲ ಮಾಡಿ ಮರಿ ಸಾಕುತ್ತದೆ. ಅದನ್ನು ಕಾಣುವುದಕ್ಕಿಂತ ಅದರ ಗುರುತನ್ನು ಕಾಣುವುದು ಸುಲಭ: ನೀರಿಗೆ ಬಾಗಿದ ಬಂಡೆಯ ನೆತ್ತಿಯಲ್ಲಿ ಅದು ಮತ್ತೆಮತ್ತೆ ಬಂದು ಹಾಕುವ ಹಿಕ್ಕೆಯು ಒಣಗಿ ಪುಡಿಯಾದಾಗ ಮೀನಿನ ಹುರುಪೆಗಳು, ಮುಳ್ಳುಗಳು ಮಾತ್ರ ಉಳಿದು, ಬೆಳಗಿನ ಓರೆಬಿಸಿಲಿನಲ್ಲಿ ಅಭ್ರಕದ ಚೂರುಗಳಂತೆ ಮಿನುಗುತ್ತವೆ. ಸಿಡಿಮದ್ದು ಎಸೆದು ಮೀನು ಹಿಡಿಯುವುದು, ಮರಳು ಎತ್ತುವುದು, ದಂಡೆಯ ಜೊಂಡನ್ನು ಕಡಿಯುವುದು ಈ ಜೀವಿಗೆ ಮುಳುವಾದುದರಿಂದ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಉದ್ದದ ನದಿಪಾತ್ರವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಕಾನೂನಿನ ಕಥೆಯು ಮಾತ್ರ ಇಷ್ಟು ಸರಳವಾಗಿಲ್ಲ. 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಮೇರೆಗೆ ರಾಜ್ಯ ಸರಕಾರವು 1988ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯು ವಿರುಪಾಪುರಗಡ್ಡಿಯನ್ನೂ ಸಂರಕ್ಷಿತ ಪ್ರದೇಶದೊಳಗೆ ಸೇರಿಸಿತ್ತು. ಆದರೆ ಕಾಗದದ ಮೇಲಿನ ಆ ಗೆರೆಯು ಗದ್ದೆಗೆ ಇಳಿಯಲು ದಶಕಗಳೇ ಹಿಡಿದು, ಆ ನಡುವೆ ಕಣ್ಣೆದುರಿಗೇ ಕಟ್ಟಡಗಳು ಏಳುತ್ತ ಹೋದವು. ಇತ್ತ ನದಿಗೆ ಆನೆಗುಂದಿಯ ಬಳಿ ಕಟ್ಟುತ್ತಿದ್ದ ಸೇತುವೆಯ ನಿಮಿತ್ತ ಯುನೆಸ್ಕೊವು 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿ 2006ರಲ್ಲಿ ತೆಗೆಯಿತು. ಆ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಪ್ರಾಣ ತೆಗೆದುಕೊಂಡಿತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆಯು 2002ರಲ್ಲಿ ಬಂದ ಮೇಲೆ ಗಡ್ಡಿಯ ಕಟ್ಟಡಗಳಿಗೆ ನೋಟಿಸುಗಳು ಬರತೊಡಗಿ, ವ್ಯಾಜ್ಯವು ನ್ಯಾಯಾಲಯಗಳ ಮೆಟ್ಟಿಲೇರಿ, ಕಟ್ಟಡಗಳ ತೆರವಿನ ಪರವಾದ ಹೈಕೋರ್ಟಿನ 2015ರ ತೀರ್ಪನ್ನು ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು.

ಅದಕ್ಕೆ ಆರು ತಿಂಗಳ ಮುನ್ನ ನದಿಯೂ ತನ್ನ ತೀರ್ಪನ್ನು ತೋರಿಸಿತ್ತು. 2019ರ ಆಗಸ್ಟಿನಲ್ಲಿ ಅಣೆಕಟ್ಟೆಯಿಂದ ಭಾರಿ ನೀರು ಬಿಟ್ಟಾಗ ಗಡ್ಡಿಯು ನಾಲ್ಕೂ ಕಡೆಯಿಂದ ಕಡಿದುಹೋಗಿ, ವಿದೇಶೀಯರೂ ಸೇರಿದಂತೆ ನೂರಾರು ಪ್ರವಾಸಿಗಳನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಪಾರುಮಾಡಬೇಕಾಯಿತು. ರಕ್ಷಣೆಗೆ ಹೋದ ದೋಣಿಯೊಂದೂ ಮಗುಚಿತು. ಸುಗ್ಗಿಯ ಆರು ತಿಂಗಳನ್ನಷ್ಟೇ ಕಂಡವರು ಮರೆತಿದ್ದ ಸಂಗತಿಯನ್ನು, ಅಂದರೆ ಈ ನೆಲಕ್ಕೆ ಗಡ್ಡಿ ಎಂಬ ಹೆಸರು ಏಕೆ ಬಂದಿತೆಂಬುದನ್ನು, ಮಳೆಗಾಲವು ನೆನಪಿಸಿತು. 2020ರ ಮಾರ್ಚಿನ ಮೊದಲ ವಾರದಲ್ಲಿ ಯಂತ್ರಗಳು ಗಡ್ಡಿಗೆ ಬಂದು ರೆಸಾರ್ಟುಗಳನ್ನು ಕೆಡವಿದವು, ಅದೇ ತಿಂಗಳಲ್ಲಿ ಕೊರೊನಾದ ದಿಗ್ಬಂಧನವೂ ಬಂದಿತು.

ವಿಜಯನಗರದ ನೆಲದಡಿ ಮತ್ತು ನೆಲದ ಮೇಲೆ ಇರುವುದೆಲ್ಲವೂ ಕಾಪಾಡಲು ಯೋಗ್ಯವಾದುದು, ಮತ್ತು ಆ ದೃಷ್ಟಿಯಿಂದ ನ್ಯಾಯಾಲಯದ ನಿಲುವು ಸರಿಯಾದದ್ದೇ. ಆದರೆ 1988ರ ಅಧಿಸೂಚನೆಯ ನಂತರ ಮೂರು ದಶಕ ಕಟ್ಟಡಗಳನ್ನು ಉಳಿಯಲು ಬಿಟ್ಟು ಕಡೆಗೆ ಒಂದೇ ವಾರದಲ್ಲಿ ಕೆಡವಿದುದರ ಭಾರವು ಬಿದ್ದದ್ದು, ಸಾಲ ಮಾಡಿ ನಾಲ್ಕು ಕೋಣೆ ಕಟ್ಟಿದ್ದ ಸಣ್ಣ ಹಿಡುವಳಿದಾರರ ಮತ್ತು ಅಲ್ಲಿ ದುಡಿಯುತ್ತಿದ್ದ ಕೂಲಿಯವರ ಮೇಲೆ. ಆ ನೋವನ್ನು ಪರಂಪರೆಯ ಹೆಸರಿನಲ್ಲಿ ಲೆಕ್ಕದಿಂದ ಬಿಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆನೆಗುಂದಿಯಲ್ಲಿ 1997ರಿಂದ ದುಡಿಯುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನೇ ಸರಿಪಡಿಸಿ ಅತಿಥಿಗಳನ್ನು ಇಳಿಸುವ, ಬಾಳೆನಾರಿನ ಕೈಕೆಲಸವನ್ನು ಹೆಂಗಸರಿಗೆ ಕಲಿಸುವ ಬೇರೊಂದು ದಾರಿಯನ್ನು ತೋರಿಸಿತ್ತು. ಗದ್ದೆಗೆ ಕಾಂಕ್ರೀಟು ಸುರಿಯದೆ ತಂಗುದಾಣವನ್ನು ನಡೆಸಬಹುದೆಂಬ ಆ ಪಾಠವನ್ನು ಮೊದಲೇ ಗಡ್ಡಿಗೂ ವಿಸ್ತರಿಸಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಕೋಣೆಗಳ ವ್ಯಾಪಾರವು ಗಡ್ಡಿಯಿಂದ ಸಾಣಾಪುರ, ಆನೆಗುಂದಿಗಳ ಕಡೆಗೆ ಸರಿದಿದೆ. ಸಾಣಾಪುರದ ಕೆರೆಯ ನೀರು ತುಂಗಭದ್ರೆಯ ಎಡದಂಡೆ ಕಾಲುವೆಯದು, ಎಂದರೆ 1945ರಲ್ಲಿ ಬೇರಾರಿನ ರಾಜಕುಮಾರನು ಅಡಿಗಲ್ಲಿಟ್ಟ ಬದಿಯದು. ಬೆನ್ನುಚೀಲದ ಜೋಡಿಗಳು ಈಗ ಆ ಕೆರೆಯಲ್ಲಿ ಹರಿಗೋಲು ಹತ್ತುತ್ತಾರೆ. ಅಂಬಿಗನು ನಡುನೀರಿಗೆ ಹೋಗಿ ಹುಟ್ಟನ್ನು ಒಂದೇ ಕಡೆಗೆ ಜೋರಾಗಿ ಎಳೆದು ಬುಟ್ಟಿಯನ್ನು ಗಿರ್ರನೆ ಸುತ್ತಿಸುತ್ತಾನೆ. ನೇರವಾಗಿ ಸಾಗಲಾರದೆಂದು ಪಾಯೆಸ್‌ನು ಬರೆದಿಟ್ಟ ದೋಣಿಯ ಆ ತಿರುಗುವಿಕೆಗೇ ಇಂದು ಪ್ರವಾಸಿಗಳು ದುಡ್ಡು ಕೊಡುತ್ತಾರೆ.